ನಮ್ಮ ಪರವಾಗಿ ಹಾಡುವವರು

ಒಂದು ದೇಶವು ತನ್ನ ಪರವಾಗಿ ಹಾಡುವುದಕ್ಕೆಂದು ಯಾರನ್ನಾದರೂ ಆರಿಸಿ ಹೊರನಾಡಿಗೆ ಕಳುಹಿಸಬೇಕಾಗಿ ಬಂದರೆ ಯಾರನ್ನು ಆರಿಸೀತು? ಇಂಪಾದ ಕಂಠವುಳ್ಳವರನ್ನೇ, ಈಗಾಗಲೇ ಹೆಸರು ಮಾಡಿದವರನ್ನೇ ಅಥವಾ ನೋಡಲು ಚೆಂದವಿರುವ ಯುವಕ ಯುವತಿಯರನ್ನೇ? ಯಾವ ಭಾಷೆಯಲ್ಲಿ ಹಾಡಿರೆಂದು ಅವರಿಗೆ ಹೇಳೀತು? ಮೇಲುನೋಟಕ್ಕೆ ಇದು ಬಿಡುವಿನ ವೇಳೆಯ ಹರಟೆಯಂತೆ ಕಾಣಬಹುದು. ಆದರೆ ಒಂದೇ ಬೀದಿಯಲ್ಲಿ ಐದಾರು ಭಾಷೆಗಳು ಕೇಳಿಬರುವ ಮಾರತ್ತಹಳ್ಳಿಯಲ್ಲಿ ಬದುಕುತ್ತಿರುವ ನನಗೆ ಈ ಪ್ರಶ್ನೆ ಪ್ರತಿವರ್ಷವೂ ಕ್ರಿಸ್ತಜಯಂತಿ ಸಮೀಪಿಸಿದಂತೆಲ್ಲ ಬೇರೊಂದು ರೂಪದಲ್ಲಿ ಎದುರಾಗುತ್ತದೆ. ಅದನ್ನು ಹೇಳುವ ಮೊದಲು ದೂರದ ಒಂದು ಕಥೆಯನ್ನು ಹೇಳಬೇಕು.

ಯುರೋಪಿನ ದೇಶಗಳು ವರ್ಷಕ್ಕೊಮ್ಮೆ ಸೇರಿ ನಡೆಸುವ ಯೂರೋವಿಷನ್ ಎಂಬ ಹಾಡಿನ ಸ್ಪರ್ಧೆಯೊಂದಿದೆ. ಜರ್ಮನಿಯಲ್ಲಿ ದಾದಿಯಾಗಿರುವ ನನ್ನ ಮಗಳು ದೂರವಾಣಿಯಲ್ಲಿ ಅದರ ಸುದ್ದಿ ಹೇಳುವವರೆಗೆ ನನಗೆ ಅದರ ಹೆಸರೂ ಗೊತ್ತಿರಲಿಲ್ಲ. ಎರಡನೇ ಮಹಾಯುದ್ಧ ಮುಗಿದು ಹನ್ನೊಂದು ವರ್ಷಗಳಾಗಿದ್ದಾಗ, 1956ರಲ್ಲಿ, ಸ್ವಿಟ್ಜರ್ಲೆಂಡಿನ ಲುಗಾನೋ ಎಂಬ ಊರಿನಲ್ಲಿ ಏಳು ದೇಶಗಳು ಸೇರಿ ಇದನ್ನು ಆರಂಭಿಸಿದವು. ನಿನ್ನೆ ಮೊನ್ನೆಯವರೆಗೆ ಒಂದರ ಮೇಲೊಂದು ಬಾಂಬು ಹಾಕುತ್ತಿದ್ದ ನಾಡುಗಳು ಒಂದೇ ವೇದಿಕೆಯ ಮೇಲೆ ಒಂದರ ಹಾಡನ್ನು ಮತ್ತೊಂದು ಕೇಳಲು ಕುಳಿತವು ಎಂಬುದೇ ಒಂದು ಸಮಾಧಾನದ ಸಂಗತಿ. ಸ್ಪರ್ಧೆಯ ನಿಯಮಗಳು ಸರಳವಾಗಿವೆ. ಹಾಡು ಮೂರು ನಿಮಿಷ ಮೀರಬಾರದು. ವೇದಿಕೆಯ ಮೇಲೆ ಆರು ಮಂದಿಗಿಂತ ಹೆಚ್ಚು ಇರಬಾರದು. ಯಾವ ದೇಶವೂ ತನ್ನ ಹಾಡಿಗೆ ತಾನೇ ಮತ ಹಾಕಿಕೊಳ್ಳುವಂತಿಲ್ಲ. ಆದರೆ ಯಾರನ್ನು ಕಳುಹಿಸಬೇಕೆಂಬುದು ಆಯಾ ದೇಶಕ್ಕೆ ಬಿಟ್ಟ ವಿಷಯ. ಕೆಲವೆಡೆ ಜನರೇ ಮತ ಹಾಕಿ ಆರಿಸುತ್ತಾರೆ. ಕೆಲವೆಡೆ ದೂರದರ್ಶನ ಸಂಸ್ಥೆಯೇ ಒಬ್ಬರನ್ನು ಗೊತ್ತುಮಾಡುತ್ತದೆ.

2012ರ ಸ್ಪರ್ಧೆ ಅಜರ್‌ಬೈಜಾನಿನ ಬಾಕು ನಗರದಲ್ಲಿ ನಡೆಯಿತು. ಭಾಗವಹಿಸಿದ ದೇಶಗಳು 42. ಆ ವರ್ಷ ಮಾರ್ಚ್ ತಿಂಗಳಲ್ಲಿ ರಷ್ಯಾ ದೇಶದ ಆಯ್ಕೆಯ ಸುತ್ತು ನಡೆದಾಗ 25 ಹಾಡುಗಳು ಕಣದಲ್ಲಿದ್ದವು. 2008ರಲ್ಲಿ ಇದೇ ಯೂರೋವಿಷನ್ ಸ್ಪರ್ಧೆಯನ್ನು ಗೆದ್ದು ಬಂದಿದ್ದ ಡೀಮಾ ಬಿಲಾನ್ ಎಂಬ ಜನಪ್ರಿಯ ಗಾಯಕನೂ ಅಲ್ಲಿದ್ದ. ಅವನು ಮತ್ತು ಅವನೊಂದಿಗೆ ಹಾಡಿದ ಗಾಯಕಿ ಎರಡನೆಯವರಾದರು. ಮೊದಲ ಸ್ಥಾನ ಪಡೆದವರು ಬುರಾನೊವೊ ಎಂಬ ಹಳ್ಳಿಯ ಅಜ್ಜಿಯರು! ತಲೆಗೆ ವಸ್ತ್ರ ಕಟ್ಟಿ, ಹಳ್ಳಿಯ ಹಬ್ಬದುಡುಪು ತೊಟ್ಟು ಬಂದಿದ್ದ ಈ ಹೆಂಗಸರು ಹಾಡಿದ್ದು ರಷ್ಯನ್ ಭಾಷೆಯಲ್ಲೂ ಅಲ್ಲ, ತಮ್ಮ ಮನೆಮಾತಾದ ಉಡ್ಮುರ್ತ್ ಭಾಷೆಯಲ್ಲಿ. ವೋಲ್ಗಾ ನದಿಯ ಪೂರ್ವಕ್ಕಿರುವ ಆ ಸೀಮೆಯ ಈ ಭಾಷೆಗೆ ರಷ್ಯನ್ನಿನೊಂದಿಗೆ ರಕ್ತಸಂಬಂಧವಿಲ್ಲ. ಅದರ ನೆಂಟಸ್ತನವಿರುವುದು ಫಿನ್‌ಲೆಂಡ್ ಮತ್ತು ಹಂಗೇರಿಯ ಭಾಷೆಗಳೊಂದಿಗೆ. ಆಡುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವ ಭಾಷೆ ಅದು. ಅಷ್ಟು ದೊಡ್ಡ ದೇಶ ತನ್ನ ಪರವಾಗಿ ಹಾಡಲು ಅಷ್ಟು ಚಿಕ್ಕ ಭಾಷೆಯ ಮುದುಕಿಯರನ್ನು ಆರಿಸಿತು.

ಮಗಳು ಕಳುಹಿಸಿದ ಆ ಪ್ರದರ್ಶನದ ಚಿತ್ರವನ್ನು ನಾನು ಮೂರು ನಾಲ್ಕು ಸಲ ನೋಡಿದ್ದೇನೆ. ವೇದಿಕೆಯ ನಡುವೆ ಒಂದು ರೊಟ್ಟಿಯ ಒಲೆ. ಹಾಡುತ್ತಲೇ ಅಜ್ಜಿಯರು ಅದರೊಳಗಿನಿಂದ ಬೆಂದ ತಿಂಡಿಯ ತಟ್ಟೆಯನ್ನು ಹೊರತೆಗೆಯುತ್ತಾರೆ. ಅವರಲ್ಲೆಲ್ಲ ಅತ್ಯಂತ ಗಿಡ್ಡನೆಯ ನತಾಲ್ಯಾ ಪುಗಚೋವಾ ಅವರಿಗೆ ಆಗ 76 ವರ್ಷ. ಹೆಜ್ಜೆಯಲ್ಲಿ ಚುರುಕಿಲ್ಲ, ಕಂಠದಲ್ಲಿ ನುಣುಪಿಲ್ಲ. ಹಾಡಿನ ಪಲ್ಲವಿ ಮಾತ್ರ ಇಂಗ್ಲಿಷಿನದು. ಹೊರಗಿನವರಿಗೂ ಅರ್ಥವಾಗಲೆಂದು ಸೇರಿಸಿದ ನಾಲ್ಕು ಮಾತು. ಹಬ್ಬಕ್ಕೆ ಮನೆಗೆ ಬಂದವರ ಮುಂದೆ ಅಜ್ಜಿಯರು ಹಾಡುವ ರೀತಿಯಲ್ಲೇ ಅವರು ಹಾಡಿದರು. ಅಂತಿಮ ಸುತ್ತಿನ 26 ಹಾಡುಗಳಲ್ಲಿ ಅವರಿಗೆ ಎರಡನೆಯ ಸ್ಥಾನ ದೊರೆಯಿತು. ಸ್ವೀಡನ್ನಿನ ಲೊರೀನ್ 372 ಅಂಕಗಳೊಂದಿಗೆ ಗೆದ್ದರೆ, ಅಜ್ಜಿಯರಿಗೆ ಬಂದದ್ದು 259 ಅಂಕ.

ಅವರು ಹಾಡಲು ಹೊರಟ ಕಾರಣ ತಿಳಿದಾಗ ನನಗೆ ಆ ಅಂಕಗಳೆಲ್ಲ ಮರೆತುಹೋದವು. ಬುರಾನೊವೊ ಹಳ್ಳಿಯ ದೇವಾಲಯವನ್ನು ಸೋವಿಯತ್ ಆಡಳಿತದ ಕಾಲದಲ್ಲಿ ನಾಶಪಡಿಸಲಾಗಿತ್ತು. ಅಲ್ಲಿ ಮತ್ತೊಂದು ದೇವಾಲಯ ಎದ್ದು ನಿಲ್ಲಬೇಕೆಂಬುದು ಈ ಹೆಂಗಸರ ಆಸೆ. ಹಾಡಿನಿಂದ ಬರುವ ಹಣ ಅದಕ್ಕೇ ಎಂದು ಅವರು ಬಹಿರಂಗವಾಗಿಯೇ ಹೇಳಿದ್ದರು. ಮುಂದೆ ಅಲ್ಲಿ ದೇವಾಲಯ ಎದ್ದಿತು. ಕೀರ್ತಿಯನ್ನು ಅರಸಿ ಹೋದವರಾಗಿದ್ದರೆ ಎರಡನೆಯ ಸ್ಥಾನ ಅವರಿಗೆ ಸೋಲಾಗುತ್ತಿತ್ತು. ಅವರು ಹೋದದ್ದು ಕಲ್ಲು, ಗಾರೆ ಮತ್ತು ಗಂಟೆಗಾಗಿ. ಅವು ದೊರೆತವು.

ಅದೇ ರಾತ್ರಿ ಅದೇ ವೇದಿಕೆಯಲ್ಲಿ ಮೊಟ್ಟಮೊದಲು ಹಾಡಿದವರೂ 76 ವರ್ಷದವರೇ. ಅವರು ಬ್ರಿಟನ್ನಿನ ಪರವಾಗಿ ಬಂದಿದ್ದ ಎಂಗಲ್‌ಬರ್ಟ್ ಹಂಪರ್‌ಡಿಂಕ್. ದಂಡು ಪ್ರದೇಶದ ಹಳಬರಿಗೆ ಈ ಹೆಸರು ಹೊಸದಲ್ಲ. ಅವರು ಹುಟ್ಟಿದ್ದು ನಮ್ಮ ಪಕ್ಕದ ಮದರಾಸಿನಲ್ಲಿ, 1936ರಲ್ಲಿ. ಬಾಲ್ಯದಲ್ಲೇ ಕುಟುಂಬದೊಂದಿಗೆ ಇಂಗ್ಲೆಂಡಿಗೆ ಹೋದರು. 1967ರಲ್ಲಿ ಬೀಟಲ್ಸ್ ತಂಡದ ಹಾಡನ್ನೇ ಮೊದಲ ಸ್ಥಾನಕ್ಕೆ ಏರಗೊಡದಷ್ಟು ಜನಪ್ರಿಯತೆ ಅವರದಾಗಿತ್ತು. 2012ರಲ್ಲಿ ಬ್ರಿಟನ್ ಜನರ ಮತ ಕೇಳಲಿಲ್ಲ. ಬಿಬಿಸಿ ಸಂಸ್ಥೆಯೇ ಅವರನ್ನು ಆರಿಸಿ ಕಳುಹಿಸಿತು. ಫಲಿತಾಂಶ ಬಂದಾಗ ಅವರಿಗೆ ದೊರೆತದ್ದು ಕೇವಲ 12 ಅಂಕ, 25ನೆಯ ಸ್ಥಾನ. ಕೊನೆಯವರಾದ ನಾರ್ವೆಯವರಿಗಿಂತ ಒಂದು ಮೆಟ್ಟಿಲು ಮೇಲೆ.

ಅವರು ಹಾಡಿದ್ದು ಕೆಟ್ಟದಾಗಿರಲಿಲ್ಲ. ನೇರವಾಗಿ ನಿಂತು, ಅಬ್ಬರವಿಲ್ಲದೆ, ಒಂದು ಪ್ರೇಮಗೀತೆಯನ್ನು ಹಾಡಿ ಮುಗಿಸಿದರು. ಆದರೂ ಎರಡು ಆಯ್ಕೆಗಳ ನಡುವೆ ಒಂದು ವ್ಯತ್ಯಾಸವಿದೆ ಎಂದು ನನಗೆ ತೋರುತ್ತದೆ. ಬ್ರಿಟನ್ನಿನ ಸಂಸ್ಥೆ ಒಂದು ಹೆಸರನ್ನು ಕಳುಹಿಸಿತು. ಆ ಹೆಸರನ್ನು ಜಗತ್ತು ಇನ್ನೂ ನೆನಪಿಟ್ಟಿದೆ ಎಂದು ಎಣಿಸಿತು. ರಷ್ಯಾದ ಜನ ಕಳುಹಿಸಿದ್ದು ಒಂದು ಊರನ್ನು. ಆ ಊರಿನ ಹೆಸರು ಯಾರಿಗೂ ಗೊತ್ತಿರಲಿಲ್ಲ, ಆದರೆ ಹಾಡಿನ ಬೆನ್ನಿಗೆ ಒಲೆಯಿತ್ತು, ಮನೆಮಾತಿತ್ತು, ಕಟ್ಟಬೇಕಾದ ದೇವಾಲಯವಿತ್ತು.

ಹಂಪರ್‌ಡಿಂಕ್ ಅವರ ಹೆಸರು ಬಂದಾಗ ಕ್ಲಿಫ್ ರಿಚರ್ಡ್ ಅವರನ್ನೂ ನೆನೆಯಬೇಕು. ಅವರು 1940ರಲ್ಲಿ ಲಖನೌದಲ್ಲಿ ಹುಟ್ಟಿ, 1948ರಲ್ಲಿ ಇಂಗ್ಲೆಂಡಿಗೆ ಹೋದವರು. 1880ರ ದಶಕದಲ್ಲಿ ಡಿ. ಎಸ್. ವೈಟ್ ಅವರ ಪ್ರಯತ್ನದಿಂದ ಆಂಗ್ಲೋ ಇಂಡಿಯನ್ ಜನರ ನೆಲೆಯಾಗಿ ಹುಟ್ಟಿದ ವೈಟ್‌ಫೀಲ್ಡ್ ನಮ್ಮ ಮಾರತ್ತಹಳ್ಳಿಗೆ ದೂರವೇನಲ್ಲ. ಅಲ್ಲಿಯ ಹಳೆಯ ಹೆಂಚಿನ ಮನೆಗಳಲ್ಲಿ, ಹಲಸೂರು ಶಿವಾಜಿನಗರಗಳ ಮನೆಗಳಲ್ಲಿ ಈ ಇಬ್ಬರನ್ನೂ ನಮ್ಮ ಹುಡುಗರೆಂದೇ ಹಿರಿಯರು ಹೇಳಿಕೊಳ್ಳುತ್ತಿದ್ದುದನ್ನು ಕೇಳಿದ್ದೇನೆ. 1968ರಲ್ಲಿ ಲಂಡನ್ನಿನಲ್ಲೇ ಸ್ಪರ್ಧೆ ನಡೆದಾಗ ಬ್ರಿಟನ್ ಕಳುಹಿಸಿದ್ದು ಈ ಕ್ಲಿಫ್ ರಿಚರ್ಡ್ ಅವರನ್ನು. ಅವರು ಹಾಡಬೇಕಾದ ಹಾಡನ್ನು ಜನ ಅಂಚೆ ಮೂಲಕ ಮತ ಹಾಕಿ ಆರಿಸಿದ್ದರು. ಅವರಿಗೆ 28 ಅಂಕ, ಗೆದ್ದ ಸ್ಪೇನಿಗೆ 29. ಒಂದೇ ಒಂದು ಅಂಕದ ಅಂತರ.

ಗೆದ್ದ ಸ್ಪೇನಿನ ಕಥೆ ಸೋತ ಬ್ರಿಟನ್ನಿನ ಕಥೆಗಿಂತ ಹೆಚ್ಚು ಯೋಚನೆಗೆ ಹಚ್ಚುವಂಥದು. ಆ ವರ್ಷ ಸ್ಪೇನ್ ಮೊದಲು ಆರಿಸಿದ್ದು ಜೋನ್ ಮಾನ್ವೆಲ್ ಸೆರಾಟ್ ಎಂಬ ತರುಣನನ್ನು. ಹಾಡನ್ನು ತನ್ನ ತಾಯ್ನುಡಿಯಾದ ಕತಲಾನ್ ಭಾಷೆಯಲ್ಲೇ ಹಾಡುತ್ತೇನೆಂದು ಅವನು ಪಟ್ಟುಹಿಡಿದ. ಆಗ ಆ ದೇಶವನ್ನು ಆಳುತ್ತಿದ್ದ ಸರ್ವಾಧಿಕಾರಿ ಫ್ರಾಂಕೋನ ಸರ್ಕಾರ ಸ್ಪ್ಯಾನಿಷ್ ಹೊರತು ಬೇರೆ ಭಾಷೆಗೆ ಮನ್ನಣೆ ಕೊಡುತ್ತಿರಲಿಲ್ಲ. ಸ್ಪರ್ಧೆ ಹತ್ತಿರವಾಗಿದ್ದರೂ ಅವನನ್ನು ಬಿಟ್ಟು ಮಾಸಿಯೆಲ್ ಎಂಬ ಗಾಯಕಿಯನ್ನು ಕಳುಹಿಸಲಾಯಿತು. ಅವಳು ಅದೇ ಹಾಡನ್ನು ಸ್ಪ್ಯಾನಿಷ್ ಭಾಷೆಯಲ್ಲಿ ಹಾಡಿ ಗೆದ್ದಳು. ವಿಚಿತ್ರವೆಂದರೆ ಆ ಹಾಡಿನ ಹೆಸರು 'ಲ ಲ ಲ'. ಅದರ ಪಲ್ಲವಿಯ ತುಂಬ ಈ ಒಂದೇ ಅಕ್ಷರ; ಅದು ಯಾವ ಭಾಷೆಗೂ ಸೇರಿದ್ದಲ್ಲ! ದೇಶಕ್ಕೆ ಬಹುಮಾನ ಬಂತು. ಆದರೆ ತನ್ನ ಮಾತಿನಲ್ಲಿ ಹಾಡಲು ಬಯಸಿದವನು ಮನೆಯಲ್ಲೇ ಉಳಿದ.

ಭಾರತ ಈ ಸ್ಪರ್ಧೆಗೆ ಸೇರಿದ ದೇಶವಲ್ಲ. ಸೇರಿದ್ದರೆ ನಮ್ಮ ಗತಿಯೇನಾಗುತ್ತಿತ್ತೆಂದು ಯೋಚಿಸಿ ನಕ್ಕಿದ್ದೇನೆ. ನಮ್ಮ ಸಂವಿಧಾನದ ಎಂಟನೆಯ ಅನುಸೂಚಿಯಲ್ಲೇ 22 ಭಾಷೆಗಳಿವೆ. ಸಿಗುವುದು ಮೂರು ನಿಮಿಷ! ಆದರೂ ನಮಗೆ ಹೆಮ್ಮೆಪಡಲು ಒಂದು ನಿದರ್ಶನವಿದೆ. 2010ರಲ್ಲಿ ಚೀನಾದ ಶಾವೋಶಿಂಗ್ ನಗರದಲ್ಲಿ ನಡೆದ ವಿಶ್ವ ವೃಂದಗಾನ ಕ್ರೀಡೆಗಳಲ್ಲಿ ಮೇಘಾಲಯದ ಶಿಲ್ಲಾಂಗ್ ಚೇಂಬರ್ ಕಾಯರ್ ತಾನು ಭಾಗವಹಿಸಿದ ಮೂರೂ ವಿಭಾಗಗಳಲ್ಲಿ ಚಿನ್ನದ ಪ್ರಶಸ್ತಿ ಪಡೆಯಿತು. ಅವುಗಳಲ್ಲೊಂದು ಪವಿತ್ರ ಸಂಗೀತದ ವಿಭಾಗ. ಈ ವೃಂದವನ್ನು 2001ರಲ್ಲಿ ಕಟ್ಟಿದ ನೀಲ್ ನಾಂಗ್‌ಕಿನ್‌ರಿ ವಿದೇಶದಲ್ಲಿ ಪಿಯಾನೋ ವಾದಕರಾಗಿದ್ದು ಊರಿಗೆ ಮರಳಿದವರು. 2022ರ ಜನವರಿಯಲ್ಲಿ ತೀರಿಕೊಂಡರು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಪಳಗಿದ್ದರೂ ಅವರು ತಮ್ಮ ಖಾಸಿ ಭಾಷೆಯನ್ನು ಕೈಬಿಡಲಿಲ್ಲ. ಖಾಸಿ ಜನಪದ ಕಥೆಯನ್ನು ಗೀತನಾಟಕವಾಗಿಸಿದರು. ಯಾವ ಸರ್ಕಾರವೂ ಅವರನ್ನು ದೇಶದ ಪ್ರತಿನಿಧಿಗಳೆಂದು ಆರಿಸಿ ಕಳುಹಿಸಿರಲಿಲ್ಲ. ಗೆದ್ದ ಮೇಲೆ ದೇಶವೇ ಅವರನ್ನು ತನ್ನವರೆಂದಿತು.

ಇನ್ನು ನಮ್ಮ ಊರಿಗೆ ಬರುತ್ತೇನೆ. ನಾನು ಮದುವೆಯಾಗಿ ಮಾರತ್ತಹಳ್ಳಿಗೆ ಬಂದಾಗ ಇದು ಹೆಸರಿಗೆ ತಕ್ಕಂತೆ ಹಳ್ಳಿಯೇ ಆಗಿತ್ತು. ವರ್ತೂರಿನ ಕಡೆಗೆ ಹೋಗುವ ದಾರಿಯ ಇಕ್ಕೆಲಗಳಲ್ಲಿ ರಾಗಿಯ ಹೊಲಗಳಿದ್ದವು. ಎಚ್‌ಎಎಲ್ ನಿಲ್ದಾಣಕ್ಕೆ ಇಳಿಯುವ ವಿಮಾನಗಳ ಸದ್ದು ಅಡಗುವವರೆಗೆ ಪ್ರಾರ್ಥನೆಯನ್ನು ನಡುವೆಯೇ ನಿಲ್ಲಿಸುತ್ತಿದ್ದೆವು. 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಹೋದವು. ಅಷ್ಟರಲ್ಲಿ ಹೊರವರ್ತುಲ ರಸ್ತೆ, ಸೇತುವೆ, ಗಾಜಿನ ಕಟ್ಟಡಗಳು ಬಂದಿದ್ದವು. ಅವುಗಳೊಂದಿಗೆ ಕೇರಳ, ತಮಿಳುನಾಡು, ಆಂಧ್ರ, ಗೋವೆ ಮತ್ತು ಈಶಾನ್ಯ ರಾಜ್ಯಗಳಿಂದ ಕ್ರೈಸ್ತ ಕುಟುಂಬಗಳೂ ಬಂದವು. ನಮ್ಮ ಗಾಯನವೃಂದ ತುಂಬಿಕೊಂಡಿತು. ಇದು ದೇವರ ಆಶೀರ್ವಾದವೆಂದೇ ನಾನು ತಿಳಿದಿದ್ದೇನೆ. ಖಾಲಿ ಪೀಠಗಳಿಗಿಂತ ಹಲವು ಭಾಷೆಗಳ ಗದ್ದಲ ಮೇಲು.

ಕೆಲವು ವರ್ಷಗಳ ಹಿಂದೆ ನೆರೆಯ ಧರ್ಮಕೇಂದ್ರಗಳೆಲ್ಲ ಸೇರಿ ಕ್ರಿಸ್ತಜಯಂತಿಯ ಗೀತೆಗಳ ಸ್ಪರ್ಧೆಯನ್ನು ಏರ್ಪಡಿಸಿದವು. ಪ್ರತಿ ವೃಂದಕ್ಕೆ ಇಪ್ಪತ್ತು ಮಂದಿಯ ಮಿತಿ. ನಮ್ಮಲ್ಲಿ ಇಪ್ಪತ್ತೇಳು ಮಂದಿ ಇದ್ದೆವು. ವೃಂದದ ನಾಯಕ ಮೃದುಸ್ವಭಾವದ ತರುಣ. ಕೆಲಸ ಮುಗಿಸಿ ರಾತ್ರಿ ಎಂಟಕ್ಕೆ ಬಂದು, ಊಟವನ್ನೂ ಮಾಡದೆ ಅಭ್ಯಾಸ ಮಾಡಿಸುತ್ತಿದ್ದ. ನಾಲ್ಕು ಸ್ವರವಿಭಾಗಗಳಲ್ಲಿ ಹಾಡುವ ಇಂಗ್ಲಿಷ್ ಗೀತೆಯೊಂದನ್ನು ಆರಿಸಿದ. ತೀರ್ಪುಗಾರರು ಶ್ರುತಿಗೆ, ಉಚ್ಚಾರಕ್ಕೆ, ಸ್ವರಮೇಳಕ್ಕೆ ಅಂಕ ಕೊಡುತ್ತಾರೆಂಬ ಅವನ ಲೆಕ್ಕಾಚಾರ ತಪ್ಪಾಗಿರಲಿಲ್ಲ. ಹೊರಗುಳಿಯಬೇಕಾದ ಏಳು ಮಂದಿಯಲ್ಲಿ ಐವರು ವಾರದ ದಿನಗಳ ಬೆಳಗಿನ ಕನ್ನಡ ಬಲಿಪೂಜೆಗೆ ತಪ್ಪದೆ ಬಂದು ಹಾಡುವ ಹಿರಿಯ ಹೆಂಗಸರು. ಅವರಲ್ಲಿ ನನ್ನ ಚಿಕ್ಕಮ್ಮನೂ ಒಬ್ಬರು. ನಮ್ಮವರು ಎರಡನೆಯ ಬಹುಮಾನ ತಂದರು. ಮರುದಿನ ಚಿಕ್ಕಮ್ಮ ಪ್ರಶಸ್ತಿಪತ್ರವನ್ನು ಹತ್ತಿರದಿಂದ ನೋಡಿ, "ಬಹಳ ಚೆನ್ನಾಯಿತು, ಮಕ್ಕಳು ಕಷ್ಟಪಟ್ಟಿದ್ದವು" ಎಂದರು. ಆ ಮಾತಿನಲ್ಲಿ ಕಹಿ ಇರಲಿಲ್ಲ.

ಚಿಕ್ಕಮ್ಮನ ತವರು ಕನಕಪುರದ ಕಡೆಯ ಒಂದು ಹಳ್ಳಿ. ಗೋದಲಿಯ ಮುಂದೆ ಕುಳಿತು ಹಾಡುವ ಹಾಡೊಂದನ್ನು ಅವರು ತಮ್ಮ ಅಜ್ಜಿಯಿಂದ ಕಲಿತಿದ್ದರು. ಅದರಲ್ಲಿ ಬೆತ್ಲೆಹೇಮಿನ ಕುರುಬರು ರಾಗಿಮುದ್ದೆಯ ಬುತ್ತಿ ಕಟ್ಟಿಕೊಂಡು ಕಂಬಳಿ ಹೊದ್ದು ಬರುತ್ತಾರೆ. ಏಳು ಚರಣಗಳ ಹಾಡು ಅದು. ಯಾವ ಪುಸ್ತಕದಲ್ಲೂ ಇದ್ದದ್ದನ್ನು ನಾನು ಕಂಡಿಲ್ಲ. ಬರೆದಿಡೋಣವೆಂದರೆ, "ಬಾಯಲ್ಲಿದ್ದದ್ದು ಎಲ್ಲಿಗೆ ಹೋಗುತ್ತದೆ?" ಎಂದು ನಗುತ್ತಿದ್ದರು. ಸ್ಪರ್ಧೆಯ ನಂತರದ ತಪಸ್ಸುಕಾಲದಲ್ಲಿ ಅವರು ಕಾಯಿಲೆಬಿದ್ದು ತೀರಿಕೊಂಡರು. ಮೊಮ್ಮಗಳ ದೂರವಾಣಿಯಲ್ಲಿ ನಾಲ್ಕು ಚರಣಗಳು ಧ್ವನಿಮುದ್ರಣವಾಗಿ ಉಳಿದಿವೆ. ಐದನೆಯದರ ಮೊದಲ ಎರಡು ಪದಗಳಾಗುತ್ತಲೇ ಯಾರೋ ಬಾಗಿಲು ತಟ್ಟಿದ ಸದ್ದು ಕೇಳಿಸುತ್ತದೆ. ಅಲ್ಲಿಗೆ ಮುದ್ರಣ ನಿಲ್ಲುತ್ತದೆ. ಉಳಿದ ಚರಣಗಳಲ್ಲಿ ಏನಿತ್ತೆಂದು ಮನೆಮಂದಿಯೆಲ್ಲ ಸೇರಿ ಯೋಚಿಸಿದ್ದೇವೆ. ಒಬ್ಬರಿಗೆ ಒಂದು ಪದ ನೆನಪು, ಇನ್ನೊಬ್ಬರಿಗೆ ಒಂದು ತಿರುವು. ಹಾಡು ಮಾತ್ರ ಕೂಡಿಬರುತ್ತಿಲ್ಲ.

ಸ್ಪರ್ಧೆಗೆ ಅವರನ್ನು ಸೇರಿಸಿಕೊಂಡಿದ್ದರೆ ಹಾಡು ಉಳಿಯುತ್ತಿತ್ತೆಂದು ನಾನು ಹೇಳಲಾರೆ. ಅಲ್ಲಿ ಹಾಡಿದ್ದು ಬೇರೆಯದೇ ಗೀತೆ. ಆದರೆ ಒಂದು ಮಾತು ನಿಜ. ಹೊರಗಿನವರ ಎದುರು ನಮ್ಮ ಪರವಾಗಿ ಹಾಡುವವರು ಯಾರೆಂದು ಗೊತ್ತುಮಾಡುವಾಗ ನಮ್ಮಲ್ಲಿ ಯಾವುದು ಕೇಳಲು ಯೋಗ್ಯವೆಂಬುದನ್ನೂ ನಾವು ಗೊತ್ತುಮಾಡುತ್ತಿರುತ್ತೇವೆ. ಅದನ್ನು ಮಕ್ಕಳು ಗಮನಿಸುತ್ತಾರೆ. ವೇದಿಕೆಗೆ ಬೇಡವಾದದ್ದು ಮನೆಯಲ್ಲೂ ಬೇಡವಾಗಲು ಹೆಚ್ಚು ಕಾಲ ಬೇಕಾಗುವುದಿಲ್ಲ. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಪೂಜಾವಿಧಿಯಲ್ಲಿ ಜನರ ಭಾಷೆಗೆ ಬಾಗಿಲು ತೆರೆದಾಗ ನಮ್ಮ ಹಿರಿಯರು ಲತೀನಿನಿಂದ ಕನ್ನಡಕ್ಕೆ ಬಂದು ಮನಬಿಚ್ಚಿ ಹಾಡಿದರು. ಆ ಬಾಗಿಲಿನೊಳಗೆ ತಮಿಳು, ಮಲಯಾಳಂ, ಕೊಂಕಣಿ, ಇಂಗ್ಲಿಷ್ ಎಲ್ಲಕ್ಕೂ ಸ್ಥಳವಿದೆ. ಹಾಗೆಯೇ ಚಿಕ್ಕಮ್ಮನ ರಾಗಿಮುದ್ದೆಯ ಹಾಡಿಗೂ ಸ್ಥಳವಿರಬೇಕು.

ಬುರಾನೊವೊ ಅಜ್ಜಿಯರ ಕಥೆಯ ಉತ್ತರಾರ್ಧವನ್ನೂ ಇಲ್ಲಿ ಹೇಳದಿದ್ದರೆ ಚಿತ್ರ ಅಪೂರ್ಣವಾಗುತ್ತದೆ. ಬಾಕುವಿನ ವೇದಿಕೆಗೂ ತಂಡದವರೆಲ್ಲ ಏರಲಾಗಲಿಲ್ಲ. ಆರು ಮಂದಿಯ ನಿಯಮ ಅವರನ್ನೂ ಬಿಡಲಿಲ್ಲ. ಮುಂದೆ ತಂಡದ ಹೆಸರಿನ ಹಕ್ಕು ನಿರ್ಮಾಪಕರ ಕೈಯಲ್ಲಿದ್ದ ಕಾರಣ ಅದೇ ಹೆಸರಿನಲ್ಲಿ ಬೇರೆ ಗಾಯಕಿಯರು ಪ್ರದರ್ಶನ ಕೊಡತೊಡಗಿದರು. ಮೂಲದ ಅಜ್ಜಿಯರು ತಮ್ಮದೇ ಹೆಸರನ್ನು ಬಳಸದಂತಾದರು. ನತಾಲ್ಯಾ ಪುಗಚೋವಾ 2019ರಲ್ಲಿ ತೀರಿಕೊಂಡರು. ಉಕ್ರೇನಿನ ಮೇಲೆ ಯುದ್ಧ ಹೂಡಿದ ಕಾರಣ ರಷ್ಯಾ ದೇಶವನ್ನೇ 2022ರಲ್ಲಿ ಸ್ಪರ್ಧೆಯಿಂದ ಹೊರಗಿಡಲಾಯಿತು. ಯುದ್ಧ ಮುಗಿದ ಯುರೋಪಿನಲ್ಲಿ ಹುಟ್ಟಿದ ವೇದಿಕೆ ಮತ್ತೊಂದು ಯುದ್ಧವನ್ನು ಹೀಗೆ ಕಾಣಬೇಕಾಯಿತು. ಒಂದು ದೇಶ ತನ್ನ ಅಜ್ಜಿಯರ ಹಾಡನ್ನು ಜಗತ್ತಿಗೆ ಕೇಳಿಸಬಲ್ಲದು, ಹತ್ತು ವರ್ಷಗಳಲ್ಲಿ ಫಿರಂಗಿಯ ಸದ್ದನ್ನೂ ಕೇಳಿಸಬಲ್ಲದು. ದೇಶಗಳ ಆಯ್ಕೆಯನ್ನು ನಂಬಿ ಕುಳಿತರೆ ಹಾಡು ಉಳಿಯುವುದಿಲ್ಲ. ಅದು ಉಳಿಯುವುದು ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಇಳಿದಾಗ ಮಾತ್ರ.

ಕಳೆದ ವರ್ಷ ಆಗಮನ ಕಾಲದ ಒಂದು ಸಂಜೆ ನಮ್ಮ ವೃಂದದ ನಾಯಕ ತಾನಾಗಿಯೇ ನಮ್ಮ ಮನೆಗೆ ಬಂದ. ಮೊಮ್ಮಗಳ ದೂರವಾಣಿಯಲ್ಲಿದ್ದ ಹಾಡನ್ನು ಕಿವಿಗೊಟ್ಟು ಕೇಳಿ, ನಾಲ್ಕು ಚರಣಗಳನ್ನು ಬರೆದುಕೊಂಡ. ಅವನ ತಾಯ್ನುಡಿ ಮಲಯಾಳಂ. ಹಾಗಾಗಿ 'ಕಂಬಳಿ', 'ಬುತ್ತಿ' ಎಂಬ ಪದಗಳ ಬಳಿ ನಿಂತು ಅರ್ಥ ಕೇಳಿದ. ಹಿರಿಯ ಹೆಂಗಸರಿಗೆ ಎತ್ತರದ ಸ್ವರ ನಿಲುಕುವುದಿಲ್ಲವೆಂದು ಶ್ರುತಿಯನ್ನು ಎರಡು ಮನೆ ಕೆಳಗಿಳಿಸಿದ. ನಡುರಾತ್ರಿಯ ಬಲಿಪೂಜೆಗೆ ಮುಂಚೆ ಆ ನಾಲ್ಕು ಚರಣಗಳನ್ನು ಹಿರಿಯರೂ ಕಿರಿಯರೂ ಕೂಡಿ ಹಾಡಿದರು. ಅಲ್ಲಿ ತೀರ್ಪುಗಾರರಿರಲಿಲ್ಲ. ಐದನೆಯ ಚರಣದ ಜಾಗದಲ್ಲಿ ಮಾತಿಲ್ಲದೆ ರಾಗವನ್ನಷ್ಟೇ ಗುನುಗಿದರು.

ಓದುಗರೇ, ನಿಮ್ಮ ಮನೆಯಲ್ಲೂ ಇಂತಹ ಹಾಡೊಂದು ಇದ್ದೀತು. ಕನ್ನಡದ್ದೇ ಆಗಿರಬೇಕೆಂದೇನೂ ಇಲ್ಲ. ನಿಮ್ಮ ಅಜ್ಜಿ ಯಾವ ಭಾಷೆಯಲ್ಲಿ ಜೋಗುಳ ಹಾಡಿದರೋ ಆ ಭಾಷೆಯದು. ಈ ಭಾನುವಾರ ಊಟವಾದ ಮೇಲೆ ಅವರನ್ನು ಕೂರಿಸಿ ಹಾಡಿಸಿ. ಮಕ್ಕಳು ಪಕ್ಕದಲ್ಲಿರಲಿ. ಪದಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ, ಯಾರಿಂದ ಕಲಿತರೆಂಬುದನ್ನೂ ಬರೆಯಿರಿ. ಬಾಗಿಲು ಯಾರಾದರೂ ತಟ್ಟಿದರೆ ಒಂದು ಗಳಿಗೆ ಕಾಯಲಿ. ಕೊನೆಯ ಚರಣ ಮುಗಿಯಲಿ.